ಮನಸೈತೇನು ಅಂತ ಕೇಳಿದ ಕನಕಪ್ಪ

ಮೊದಲೇ ಹೇಳಿಬಿಡುತ್ತೇನೆ, ಸುಳ್ಳು ನನ್ನ ನಾಲಗೆಗೆ ಒಗ್ಗುವುದಿಲ್ಲ. ಯಲಬುರ್ಗಾ ತಾಲೂಕಿನಲ್ಲಿ ಬರೇ ಖರೇ ಮಾತಾಡುವವರು ನಾವು ಇಬ್ಬರೇ ಇದ್ದೆವು, ಇನ್ನೊಬ್ಬ ತೀರಿಕೊಂಡ. ಹಾಗಾಗಿ ಕನಕಪ್ಪನ ಸಂಗತಿ ಹೇಳುವ ಹಕ್ಕು ನನಗೊಬ್ಬನಿಗೇ ಉಳಿದಿದೆ.

ಎಪ್ಪತ್ತೈದನೇ ಇಸವಿ. ಬೇವೂರಿನ ಹತ್ತಿರದ ನಮ್ಮೂರಿಗೆ ಲೈಟಿನ ಕಂಬ ಬರುವ ಮೊದಲು, ಡಾಂಬರು ಬರುವ ಮೊದಲು, ಟೀವಿ ಬಂತು. ಸರ್ಕಾರದ್ದೇನೋ ಪ್ರಯೋಗವಂತೆ. ಆಕಾಶದಲ್ಲಿ ಒಂದು ಉಪಗ್ರಹ, ಸಾಲಿಯ ಮಾಳಿಗೆ ಮೇಲೆ ಜರಡಿಯಂಥ ದೊಡ್ಡ ಛತ್ರಿ, ಕೆಳಗೆ ಬ್ಯಾಟರಿ ಮೇಲೆ ನಡೆಯುವ ಪೆಟ್ಟಿಗೆ. ಜೀಪು ಬಂದ ದಿನ ನಲವತ್ತು ಸಾವಿರ ಜನ ಸೇರಿದ್ದರು. ಊರಲ್ಲಿದ್ದ ಮನೆ ತೊಂಬತ್ತು, ಅದು ಬೇರೆ ಮಾತು. ಪೆಟ್ಟಿಗೆಯ ಕೀಲಿ ಯಾರ ಕೈಗೆ ಕೊಡಲಿ ಎಂದು ಅಧಿಕಾರಿ ಸುತ್ತ ನೋಡಿದ. ಸಾಲಿಯ ಜವಾನ ಲಕ್ಷ್ಮಣಪ್ಪನ ಮುಖದ ಕಳೆ ಕಂಡು, ಮತ್ತೊಬ್ಬರ ಕಡೆ ಕಣ್ಣೇ ಹಾಯಿಸಲಿಲ್ಲ. ಆ ಲಕ್ಷ್ಮಣಪ್ಪ ನಾನೇ.

ದಿನಾ ಸಂಜೆ ಮೊದಲು ಕನ್ನಡದಲ್ಲಿ ಕೋಳಿ ರೋಗ, ಗೊಬ್ಬರ, ಕುದಿಸಿ ಆರಿಸಿದ ನೀರು. ಗುರುವಾರ ಮಾತ್ರ ಅದಾದ ಮೇಲೆ ದಿಲ್ಲಿಯಿಂದ ಒಂದು ಹಿಂದಿ ನಾಟಕ. ಕೋಳಿಗೆ ಎದ್ದು ಹೋದ ಜನ ನಾಟಕಕ್ಕೆ ಹೊಳ್ಳಿ ಬಂದು ಕೂಡುತ್ತಿದ್ದರು, ಆದರೆ ಒಂದಕ್ಷರ ತಿಳಿಯುತ್ತಿರಲಿಲ್ಲ. ನಾನಾದರೋ ಹೈದರಾಬಾದಿನ ಹೋಟೆಲಿನಲ್ಲಿ ಪೂರಾ ಹದಿನೆಂಟು ದಿವಸ ಕಪ್ಪು ಬಸಿ ತೊಳೆದು ಬಂದವನು. ಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು, ಅಲ್ಲಿನವರು ಬಾಯಿ ತೆರೆಯುವ ಮೊದಲೇ ಅವರ ಮಾತಿಗೆ ಕನ್ನಡದ ಅರ್ಥ ಹೇಳಿ ಮುಗಿಸುತ್ತಿದ್ದೆ. ಊರಲ್ಲಿ ಹಿಂದಿ ತಿಳಿಯುವವನು ಇನ್ನೊಬ್ಬನಿದ್ದ: ಗಾದಿ ಹೊಲಿಯುವ ಜಿಲಾನಸಾಬ. ನಿಜಾಮನ ಕಾಲದಲ್ಲಿ ಉರ್ದು ಸಾಲಿ ಕಲಿತ ಮುದುಕ. ಮುಂದಿನ ಸಾಲಿನಲ್ಲೇ ಕೂತು ಬೀಡಿ ಸೇದುತ್ತಿದ್ದ. ಅರ್ಥ ಕೇಳಿದರೆ, "ಅವ ಹೇಳಾಕತ್ಯಾನಲ್ಲ, ಕೇಳ್ರಿ" ಎಂದು ನನ್ನ ಕಡೆ ಕೈ ಮಾಡುತ್ತಿದ್ದ. ವಿದ್ವಾಂಸನಿಗೆ ವಿದ್ವಾಂಸ ಕೊಡುವ ಮರ್ಯಾದೆ ಎಂದುಕೊಂಡೆ.

ನಾಟಕದ ಹೀರೋ ಒಬ್ಬ ಜಮೀನ್ದಾರನ ಮಗ. ಅವನ ತಲೆಗೆ ಸುತ್ತಿದ ಪಟಗ ದೊಡ್ಡದು, ಅವರಪ್ಪನದು ಇನ್ನೂ ದೊಡ್ಡದು. ಮೊದಲ ತಿಂಗಳು ಅವನು ಉಪ್ಪು ಕಮ್ಮಿಯಾದರೆ ತಾಟು ಒದೆಯುತ್ತಿದ್ದ, ತಂಗಿ ಬಾಗಿಲ ಹೊರಗೆ ಬಂದರೆ ಕೂದಲು ಹಿಡಿದು ಒಳಗೆ ದಬ್ಬುತ್ತಿದ್ದ. ನಮ್ಮೂರ ಗಂಡಸರು ಬಹಳ ಮೆಚ್ಚಿದರು. ಸಾಲಿ ಕಮಿಟಿಯ ಅಧ್ಯಕ್ಷರಾದ ದೊಡ್ಡಬಸಪ್ಪನವರು ಮುಂದೆ ಮಂಚ ಹಾಕಿಸಿಕೊಂಡು ಕೂತು, "ದಿಲ್ಲ್ಯಾಗೂ ಸಂಸ್ಕಾರ ಉಳದೈತಿ ನೋಡ್ರಿ" ಅಂದರು.

ಆಮೇಲೆ ಅವನು ಬಾವಿಯ ಹತ್ತಿರ ಒಬ್ಬ ಬಡವರ ಹುಡುಗಿಯನ್ನು ನೋಡಿದ. ನೋಡಿದ್ದೇ ತಡ, ಮೆತ್ತಗಾದ. ತಾಟು ಒದೆಯುವುದು ಬಿಟ್ಟ. ತಂಗಿಯನ್ನು ಹೊರಗೆ ಬಿಟ್ಟ. "ನಮ್ಮ ಮನ್ಯಾಗ ಹೆಣ್ಣಮಕ್ಕಳನ್ನ ಹಿಂಗ್ಯಾಕ ಇಟ್ಟಾರ" ಎಂದು ಗೋಡೆಗೆ, ಕುದುರೆಗೆ, ಕನ್ನಡಿಗೆ ಕೇಳತೊಡಗಿದ. ಒಂದು ಗುರುವಾರವಂತೂ ಬಾವಿಯ ಕಟ್ಟೆ ಮೇಲೆ ಪಟಗ ತೆಗೆದಿಟ್ಟು, ಹುಡುಗಿಯ ಮುಂದೆ ನಿಂತು, ಮೆಲ್ಲಗೆ ಏನೋ ಉದ್ದಕ್ಕೆ ಅಂದ. ಅವಳು ಕಣ್ಣು ಕೆಳಗೆ ಮಾಡಿದಳು.

"ಏನಂದ?" ಅಂತ ಇಡೀ ಊರು ನನ್ನ ಕಡೆ ತಿರುಗಿತು.

ಆ ಮಾತು ನಾನು ತೊಳೆದ ಯಾವ ಕಪ್ಪಿನಲ್ಲೂ ಸಿಕ್ಕಿರಲಿಲ್ಲ. ಆದರೆ ಊರು ಕಾಯುತ್ತಿತ್ತು. "ಲಗ್ನಾಗಾಕ ನಿನಗ ಮನಸೈತೇನು ಅಂತ ಕೇಳಾಕತ್ಯಾನ" ಅಂದುಬಿಟ್ಟೆ.

ದೊಡ್ಡಬಸಪ್ಪನವರು ಮಂಚದ ಮೇಲೆ ನೆಟ್ಟಗಾದರು. "ಯಾರನ್ನ?"

"ಆ ಹುಡುಗೀನರಿ."

"ಹುಡುಗೀನ ಯಾಕ ಕೇಳ್ತಾನ? ಅವರಪ್ಪ ಸತ್ತಾನೇನು?"

"ಅದಾನರಿ. ಆದ್ರೂ ಆಕೀನ ಕೇಳಾಕತ್ಯಾನ."

ಜಿಲಾನಸಾಬ ಹಿಂದಕ್ಕೆ ಹೊರಳಿ ನನ್ನನ್ನು ಒಂದು ಗಳಿಗೆ ನೋಡಿದ. ಆರಿದ ಬೀಡಿಗೆ ಮತ್ತೆ ಕಡ್ಡಿ ಗೀರಿದ. ಅಷ್ಟೇ.

ಕನಕಪ್ಪನೂ ಅಲ್ಲೇ ಇದ್ದ. ಇಪ್ಪತ್ತೆಂಟರ ಪ್ರಾಯ, ಎಂಟೆಕರೆ ಹೊಲ, ಚಪ್ಪಲಿ ಸದಾ ಎಡಗಾಲಿಂದು ಬಲಗಾಲಿಗೆ. ಟೀವಿಯನ್ನು ಅವನಷ್ಟು ನಂಬಿದ ಪ್ರಾಣಿ ಈ ಭೂಮಿಯ ಮೇಲೆ ಇರಲಿಲ್ಲ. ನೀರು ಕುದಿಸಿ ಆರಿಸಿ ಕುಡಿಯಿರಿ ಅಂದಾಗ ಎತ್ತಿಗೂ ಕುದಿಸಿ ಆರಿಸಿ ಇಟ್ಟ. ಎತ್ತುಗಳು ಮೂರು ದಿವಸ ನೀರಿನ ಬಾನಿಗೆ ಮೂತಿ ಇಡಲಿಲ್ಲ. ಇಂಥವನಿಗೆ ಆ ವರ್ಷ ಲಗ್ನ ಗೊತ್ತಾಗಿತ್ತು. ಹೆಣ್ಣು, ಅವನ ಅಕ್ಕ ಗಾಳೆಮ್ಮನ ಮಗಳು ಹಂಪವ್ವ. ಹದಿನೈದು ವರ್ಷ, ಏಳನೇ ಇಯತ್ತೆ ಪಾಸು. ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಮೊದಲಲ್ಲವೇ? ತೊಟ್ಟಿಲಿಗೆ ಹಾಕಿದ ದಿನವೇ "ಇದು ಕನಕಪ್ಪಂದು" ಎಂದು ಊರು ತೀರ್ಮಾನ ಮಾಡಿತ್ತು. ಆಗ ಕನಕಪ್ಪನಿಗೆ ಹದಿಮೂರು. ಅವನನ್ನೂ ಯಾರೂ ಕೇಳಿರಲಿಲ್ಲ.

ಶುಕ್ರವಾರ ಮುಂಜಾನೆ ಅವನು ಅಕ್ಕನ ಮನೆಗೆ ಹೋದ. ಹಂಪವ್ವ ಅಂಗಳಕ್ಕೆ ಸಗಣಿ ಸಾರಿಸುತ್ತಿದ್ದಳು. ಕನಕಪ್ಪ ಹೀರೋನಂತೆಯೇ ತಲೆಯ ರುಮಾಲು ತೆಗೆದು ಕಟ್ಟೆಯ ಮೇಲಿಟ್ಟ. ಕಟ್ಟೆಯ ಆ ಕಡೆ ಆಡು ಕಟ್ಟಿದ್ದರು. ಅದು ಅವನಿಗೆ ಕಾಣಲಿಲ್ಲ.

"ಹಂಪವ್ವ, ನಿನಗ ಮನಸೈತೇನು?"

"ಏನಕ್ಕ ಮಾವ?"

"ಲಗ್ನಕ್ಕ. ನನ್ನ ಕೂಡ."

ಹುಡುಗಿ ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕೇಳುತ್ತಿದ್ದಾನೇನೋ ಎಂದು. ಹಿಂದೆ ಗೋಡೆ ಇತ್ತು.

"ನನ್ನ ಕೇಳಾಕತ್ತಿಯೇನು?"

"ಹೂಂ. ಟೀವ್ಯಾಗ ಹಂಗ ಕೇಳ್ಯಾರ."

"ನಾ ಏನಂದ್ರೂ ಸಿಟ್ಟಾಗೂದಿಲ್ಲಲ್ಲ?"

"ಸಿಟ್ಟಾಗೂದಾದ್ರ ಯಾಕ ಕೇಳ್ತಿದ್ದೆ?"

ಅವಳು ಸಗಣಿಯ ಕೈ ಸೆರಗಿಗೆ ಒರೆಸಿಕೊಂಡಳು. "ಇಲ್ಲ ಮಾವ. ಮನಸಿಲ್ಲ. ಕುಷ್ಟಗಿಗೆ ಹೋಗಿ ಹೈಸ್ಕೂಲ ಕಲೀಬೇಕಂತ ಐತಿ."

ಕನಕಪ್ಪ ರುಮಾಲಿಗೆ ಕೈ ಹಾಕಿದ. "ಹಂಗಾದ್ರ ಆತು" ಎಂದ. ಆಡು ಬಿಟ್ಟುಕೊಟ್ಟ ಅರ್ಧ ರುಮಾಲು ಸುತ್ತಿಕೊಂಡು ಮನೆಗೆ ಹೊರಟ.

ಗಾಳೆಮ್ಮ ಓಣಿಯ ತುದಿಯ ತನಕ ಕಸಬರಿಗೆ ಹಿಡಿದು ಅವನ ಬೆನ್ನು ಹತ್ತಿದಳು. ಆ ಕಸಬರಿಗೆಯ ಸಪ್ಪಳ ಕೊಪ್ಪಳದ ಕೋಟೆಗೆ ಬಡಿದು ಹೊಳ್ಳಿ ಬಂತು. "ಹದಿನೈದು ವರ್ಷ ಕಾಯ್ದಿಟ್ಟಿದ್ದೆನಲ್ಲೋ! ಯಾಕ ಕೇಳಿದ್ಯೋ ಖೋಡಿ? ಕೇಳಿದ್ರ ಹೇಳ್ತಾರೋ!"

ಮಧ್ಯಾಹ್ನದ ಹೊತ್ತಿಗೆ ಊರು ಕೆಟ್ಟಿತು. ವಿರುಪಣ್ಣನ ಹೆಂಡತಿ ಮಾರೆವ್ವ ಮೂವತ್ತು ವರ್ಷ ಸಂಸಾರ ಮಾಡಿದವಳು. ಬೀಸುವ ಕಲ್ಲು ನಿಲ್ಲಿಸಿ, "ನನ್ನನ್ನ ಯಾರೂ ಕೇಳ್ಲೇ ಇಲ್ಲಲ್ಲ" ಅಂದಳು. ವಿರುಪಣ್ಣ ನಗುತ್ತಾ, "ಈಗ ಕೇಳ್ಲೇನು?" ಎಂದ. ಅವಳು ನಗಲಿಲ್ಲ. "ಕೇಳು" ಅಂದಳು. ವಿರುಪಣ್ಣ ಹಿತ್ತಲ ಬಾಗಿಲಿನಿಂದ ಜಿಗಿದು ಹೊಲಕ್ಕೆ ಹೋದವನು ಎರಡು ಊಟದ ಹೊತ್ತು ಕಳೆದರೂ ಮನೆಗೆ ಬರಲಿಲ್ಲ. ಏನು ಉತ್ತರ ಬರುತ್ತದೋ ಎಂಬ ಹೆದರಿಕೆಗೆ ಹುಲಿಹೈದರದ ತನಕ ಓಡಿದ್ದನೆಂದು ನಾನು ಹೇಳುತ್ತಾ ಬಂದಿದ್ದೇನೆ. ಅವನು ಬಣವೆಯ ಹಿಂದೆ ಕೂತಿದ್ದನೆಂದು ಕೆಲವರು ಅನ್ನುತ್ತಾರೆ. ಅವರಿಗೆ ಕಥೆ ಹೇಳಲು ಬರುವುದಿಲ್ಲ.

ದೊಡ್ಡಬಸಪ್ಪನವರು ನನ್ನನ್ನು ಕರೆಸಿದರು. "ಲಕ್ಷ್ಮಣ, ನಿನ್ನ ಹೀರೋ ದಾರಿ ತಪ್ಯಾನ."

"ದಿಲ್ಲಿಯವ್ರು ಕಳಿಸ್ತಾರರಿ ಧಣಿ. ನಾ ಏನು ಮಾಡ್ಲಿ?"

"ದಿಲ್ಲಿಯಿಂದ ಹೆಂಗರ ಬರ್ಲಿ. ನಿನ್ನ ಬಾಯಿಂದ ನೆಟ್ಟಗ ಬರ್ಬೇಕು. ಇಲ್ಲಂದ್ರ ಕೀಲಿ ಇಲ್ಲಿಟ್ಟು ಹೋಗು."

ಕೀಲಿ ನನ್ನ ಉಡದಾರದಲ್ಲಿತ್ತು. ಅಲ್ಲೇ ಇರಲಿ ಎಂದು ತೀರ್ಮಾನಿಸಿದೆ.

ಮುಂದಿನ ಗುರುವಾರ ಹೆಂಗಸರೂ ಬಂದು ಸಾಲಿಯ ಜಗಲಿ ತುಂಬಿದರು. ನಾಟಕದಲ್ಲಿ ಅವತ್ತು ಅಪ್ಪ ಮಗನಿಗೆ ಭಾರೀ ಜಗಳ. ಹೀರೋ ಪಟಗ ಬಿಚ್ಚಿ ಅಪ್ಪನ ಕಾಲ ಬಳಿ ಎಸೆದ, ಬಾಗಿಲು ದಡಾರನೆ ಹಾಕಿ ಹೊರಗೆ ನಡೆದ. ತಾಯಿ ಹೊಸ್ತಿಲ ಮೇಲೆ ಬಿದ್ದು ಅತ್ತಳು.

ನಾನು ಗಂಟಲು ಸರಿ ಮಾಡಿಕೊಂಡೆ. "ತಪ್ಪಾತಪ್ಪ ಅಂತಾನ. ಹುಡುಗೀನ ಕೇಳಿದ್ದು ದೊಡ್ಡ ತಪ್ಪು, ನೀವು ಹೆಂಗಂತೀರಿ ಹಂಗ ಅಂತಾನ. ಈ ಪಟಗ ಹಳೇದಾಗೈತಿ, ಲಗ್ನಕ್ಕ ಹೊಸಾದು ತರಾಕ ಪ್ಯಾಟಿಗೆ ಹೊಂಟಾನ."

ದೊಡ್ಡಬಸಪ್ಪನವರು ಮೀಸೆ ತೀಡಿದರು. ಜಗಲಿಯ ಮೇಲಿಂದ ಹಂಪವ್ವನ ದನಿ ಬಂತು: "ಮತ್ತ ಅವ್ವ ಯಾಕ ಅಳಾಕತ್ಯಾಳರಿ?"

"ಪ್ಯಾಟಿ ದೂರ ಐತವ್ವ" ಅಂದೆ.

ಜಿಲಾನಸಾಬನಿಗೆ ಕೆಮ್ಮು ಹತ್ತಿತು. ಬ್ಯಾಟರಿ ಮುಗಿಯುವ ತನಕ ನಿಲ್ಲಲಿಲ್ಲ.

ಮಾರನೇ ದಿನ ಕನಕಪ್ಪ ಸಾಲಿಗೆ ಬಂದ. "ಲಕ್ಷ್ಮಣಣ್ಣ, ಹಂಗಾದ್ರ ಕೇಳಿದ್ದು ತಪ್ಪೇನು?"

"ತಪ್ಪ. ಹೀರೋನೇ ಒಪ್ಕೊಂಡಾನಲ್ಲ."

"ಅವ ತಪ್ಪಾತು ಅಂದ್ರ ಅನ್ಲಿ. ಆಕಿ ಬ್ಯಾಡ ಅಂದದ್ದು ನಾ ಈ ಕಿವಿಲೆ ಕೇಳೀನಿ. ಕೇಳಿಬಿಟ್ಟೀನಲ್ಲ, ಈಗ ಕೇಳಿಲ್ಲ ಅನ್ನಾಕ ಹೆಂಗ ಬರ್ತೈತಿ?"

ಇದಕ್ಕೆ ನಾನು ಒಂದು ಭಾರೀ ಉತ್ತರ ಕೊಟ್ಟೆ. ಏನು ಎನ್ನುವುದು ಈಗ ನೆನಪಿಲ್ಲ.

ಅವನು ಕುಷ್ಟಗಿಗೆ ನಡೆದು ಹೋಗಿ ಹೈಸ್ಕೂಲಿನ ಫಾರಂ ತಂದ. ಗಾಳೆಮ್ಮ ಅದನ್ನು ಒಲೆಗೆ ಹಾಕಿ, ಅದೇ ಉರಿಯಲ್ಲಿ ಅವನಿಗೆ ರೊಟ್ಟಿ ಸುಟ್ಟುಕೊಟ್ಟಳು. ಮತ್ತೊಂದು ಫಾರಂ ತಂದ. ಅದನ್ನೂ ಹಾಕಿದಳು. "ಮಾವನ್ನ ಬ್ಯಾಡ ಅಂದಾಕೀನ ಊರು ಉಳಿಸ್ತೈತೇನೋ? ಆಕಿಗೆ ಯಾವನರ ತಲಿಮ್ಯಾಲ ಬಟ್ಟಿ ಇರಾಂವ ಸಿಗ್ಬೇಕೋ ಬ್ಯಾಡೋ?" ಎಂದು ಅತ್ತಳು. ಹೆದರಿದವಳ ಅಳು ಅದು. ಗಂಡ ಸತ್ತ ಮೇಲೆ ಈ ಊರು ತನ್ನನ್ನು ಹೇಗೆ ನೋಡಿತ್ತು ಎಂಬುದು ಅವಳಿಗೆ ಗೊತ್ತಿತ್ತು.

ದೊಡ್ಡಬಸಪ್ಪನವರೇ ಮುಂದೆ ನಿಂತು ಬೇರೆ ಗಂಡು ಹುಡುಕಿದರು. ಗಂಗಾವತಿ ಕಡೆಯ ಮರಳಿಯ ಯಂಕೋಬ. ನಲವತ್ತಮೂರು ವರ್ಷ, ಕಾಲುವೆ ನೀರಿನ ಭತ್ತದ ಗದ್ದೆ, ಮೊದಲ ಹೆಂಡತಿ ಹಿಂದಿನ ವರ್ಷ ತೀರಿದ್ದಳು, ಮೂರು ಮಕ್ಕಳು. ಮರಳಿಯಲ್ಲಿ ಕಾಲುವೆ ಇತ್ತು, ಲೈಟು ಇತ್ತು, ರೈಸ್ ಮಿಲ್ಲು ಇತ್ತು. ಟೀವಿ ಇರಲಿಲ್ಲ. ಯಂಕೋಬ ಹೆಣ್ಣು ನೋಡಲು ಬಂದವನು ಗಾಳೆಮ್ಮನನ್ನು ಕೇಳಿದ, ದೊಡ್ಡಬಸಪ್ಪನವರನ್ನು ಕೇಳಿದ, ಆಡು ಎಷ್ಟು ಹಾಲು ಕೊಡುತ್ತದೆ ಎಂದೂ ಕೇಳಿದ.

ಮುಂಗಾರು ಶುರುವಾಗಿ ಆಷಾಢ ಬಂದಿತ್ತು. ಲಗ್ನ ಶ್ರಾವಣಕ್ಕೆ ಗೊತ್ತಾಯಿತು. ಅದೇ ವಾರ ಜೀಪು ಬಂತು. ಪ್ರಯೋಗ ಒಂದೇ ವರ್ಷದ್ದಂತೆ, ಮುಗಿಯಿತಂತೆ. ಛತ್ರಿ ಇಳಿಸಿದರು, ಪೆಟ್ಟಿಗೆ ಗೋಣಿಚೀಲದಲ್ಲಿ ಸುತ್ತಿದರು. ನಾಟಕದ ಕೊನೆಯ ಕಂತು ಇನ್ನೂ ಬರುವುದಿತ್ತು. ಕನಕಪ್ಪ ಜೀಪಿಗೆ ಅಡ್ಡ ನಿಂತ. "ಸಾಹೇಬ್ರ, ಅವ ಕೊನಿಗೆ ಏನು ಮಾಡಿದ ಅಷ್ಟು ಹೇಳಿ ಹೋಗ್ರಿ." ಅಧಿಕಾರಿ, "ಯಾರಪ್ಪ ಅವ?" ಎಂದ. ಜೀಪು ಹೋಯಿತು. ಗುರುವಾರ ಸಂಜೆ ಜನ ರೂಢಿಯಂತೆ ಬಂದು ಖಾಲಿ ಮೇಜಿನ ಮುಂದೆ ಕೂತರು. ಕೊನೆ ಹೇಳು ಎಂದು ನನ್ನನ್ನು ಒತ್ತಾಯಿಸಿದರು. ದೊಡ್ಡಬಸಪ್ಪನವರ ಕಡೆ ನೋಡಿದೆ. "ಅಪ್ಪ ತೋರಿಸಿದ ಹುಡುಗೀನ ಮಾಡ್ಕೊಂಡು ಸುಖವಾಗಿದ್ದ" ಎಂದೆ. ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು.

ಈಗ ಒಂದು ತೊಡಕು ಎದ್ದಿತು. ನಮ್ಮಲ್ಲಿ ಮದುಮಗಳನ್ನು ಹಂದರಕ್ಕೆ ಕೈಹಿಡಿದು ಕರೆತರಬೇಕಾದವನು ಸೋದರಮಾವ. ಅವನು ತರದೆ ಅಂತರಪಟ ಸರಿಯುವುದಿಲ್ಲ, ಅಕ್ಕಿಕಾಳು ಬೀಳುವುದಿಲ್ಲ. ಹಂಪವ್ವನಿಗೆ ಇದ್ದದ್ದು ಒಬ್ಬನೇ ಮಾವ. ದೊಡ್ಡಬಸಪ್ಪನವರು ಕನಕಪ್ಪನಿಗೆ ಹೊಸ ಶಾಲು ಹೊದಿಸಿ, "ಹನ್ನೊಂದು ಹೆಜ್ಜಿ. ತುಟಿ ಬಿಚ್ಚಬಾರ್ದು" ಅಂದರು. ಕನಕಪ್ಪ ಗೋಣು ಹಾಕಿದ.

ಹಂದರದಲ್ಲಿ ಆವತ್ತು ಎರಡು ಲಕ್ಷ ಜನ. ಬಾಜಾ ಬಜಂತ್ರಿ, ಪಟಾಕಿ. ಕನಕಪ್ಪ ಹುಡುಗಿಯ ಕೈ ಹಿಡಿದು ಬಂದ. ನಾನು ಎಣಿಸುತ್ತಿದ್ದೆ. ಏಳನೇ ಹೆಜ್ಜೆಗೆ ನಿಂತ.

"ಹಂಪವ್ವ. ಮನಸೈತೇನು?"

ಬಾಜಾದವರು ನಿಲ್ಲಿಸಿದರು. ಹುಡುಗಿ ಬಾಸಿಂಗದೊಳಗಿಂದ ಮುಖ ಎತ್ತಿದಳು.

"ಇಲ್ಲ!"

ಆ ದನಿಯನ್ನು ನಾನು ಹೆಚ್ಚು ಮಾಡಿ ಹೇಳಬೇಕಾದ್ದಿಲ್ಲ.

ಪರದೆಯ ಆ ಕಡೆಯಿಂದ ಯಂಕೋಬ ಕೇಳಿದ: "ಏನಂತ? ಯಾರನ್ನ ಕೇಳಿದ್ರು?"

ಕನಕಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ಮಾವ ತರ್ದ ಲಗ್ನ ಇಲ್ಲ. ನಾ ತರೂದಿಲ್ಲ."

"ಅಯ್ನೋರ, ಅವ ಹೇಳೂದು ಖರೇ ಏನು?" ಅಂದರು ದೊಡ್ಡಬಸಪ್ಪನವರು.

ಅಕ್ಕಿಕಾಳು ಮುಷ್ಟಿಯಲ್ಲಿ ಹಿಡಿದ, ಲಗ್ನ ಮಾಡಿಸುವ ಅಯ್ಯನವರು ತಲೆ ಕೆರೆದುಕೊಂಡರು. "ಪದ್ಧತಿ ಹಂಗ ಐತ್ರಿ."

ಎರಡು ಲಕ್ಷ ಜನರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಊರು ತಾನೇ ಹೊಸೆದ ಹಗ್ಗಕ್ಕೆ ತಾನೇ ಸಿಕ್ಕಿ ಮೂರು ತಾಸು ನಿಂತಿತ್ತು. ಗಡಿಯಾರ ಇದ್ದವರು ಐದು ನಿಮಿಷ ಎನ್ನುತ್ತಾರೆ. ಆ ಐದು ನಿಮಿಷ ಹಂಪವ್ವ ಕನಕಪ್ಪನ ಪಕ್ಕ ನಿಂತು ಅವನ ಹೆಗಲ ಮೇಲೆ ಕೈ ಇಟ್ಟಿದ್ದಳು. ಲಗ್ನ ನಿಂತೇ ಹೋಯಿತು ಎಂದು ನಾನೂ ಅಂದುಕೊಂಡೆ.

"ಊರಾಗ ಮಾವಂದಿರಿಗೇನು ಬರ ಐತೇನ್ರಲೇ?" ಎಂದು ದೊಡ್ಡಬಸಪ್ಪನವರು ಗುಡುಗಿದರು.

ಪಕ್ಕೀರಪ್ಪನನ್ನು ಹಿಡಿದು ತಂದರು. ಗಾಳೆಮ್ಮನ ಚಿಕ್ಕಪ್ಪನ ಸಡ್ಡಕನ ಮಗ; ಎಳೆದರೆ ತಮ್ಮ ಆಗುತ್ತಾನೆ. ಅಡುಗೆಯ ಒಲೆಯ ಹತ್ತಿರ ಮಜ್ಜಿಗೆ ಕುಡಿಯುತ್ತಿದ್ದವನು, ಮೀಸೆಗೆ ಮಜ್ಜಿಗೆ ಹಾಗೇ ಇತ್ತು. ಕನಕಪ್ಪನ ಶಾಲು ಕಿತ್ತು ಅವನಿಗೆ ಹೊದಿಸಿದರು. ಕನಕಪ್ಪ ಹುಡುಗಿಯ ಕೈ ಬಿಡಲಿಲ್ಲ. ಬಿಡಿಸಲು ಒನಕೆ ಬೇಕಾಯಿತು. ಮೊದಲು ಬೆರಳಿಗೆ, ಆಮೇಲೆ ಮೊಣಕಾಲಿಗೆ. ಅವನನ್ನು ಹಂದರದ ಹೊರಗೆ ಎಳೆದು ಹಾಕಿದರು. ಉಳಿದದ್ದು ನಾಲ್ಕು ಹೆಜ್ಜೆ. ಪಕ್ಕೀರಪ್ಪ ಅವನ್ನು ನಡೆಸಿದ. ಪರದೆ ಸರಿಯಿತು, ಅಕ್ಕಿಕಾಳು ಬಿತ್ತು. ನಾನೂ ಒಂದು ಮುಷ್ಟಿ ಹಾಕಿದೆ.

ಮರುವರ್ಷ ಹಂಪವ್ವ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸು. ಮೂರನೇ ತಿಂಗಳು ಗಂಡನ ಊರು ಮರಳಿಯಿಂದ ಕರೆ ಬಂತು. ಹೊರಡುವ ದಿನ ಅವಳು ಕೂಸು ಎತ್ತಿಕೊಂಡು ಸಾಲಿಯ ಮುಂದೆ ಬಂದಳು. ಬಸ್ಸಿನ ತನಕ ಕಳಿಸಲು ಕನಕಪ್ಪ ಕುಂಟುತ್ತಾ ಗಂಟು ಹೊತ್ತು ಬಂದ. ಆ ಕಾಲಿಗೆ ಈಗ ಯಾವ ಚಪ್ಪಲಿ ಹಾಕಿದರೂ ಒಂದೇ. ಟೀವಿ ಇದ್ದ ಮೇಜಿನ ಮೇಲೆ ಮಾಸ್ತರರು ಸುಣ್ಣದ ಡಬ್ಬಿ ಇಟ್ಟಿದ್ದರು. ಜಗಲಿಯ ಮೇಲೆ ಜಿಲಾನಸಾಬ ಸಾಲಿಯ ಗಾದಿ ಹೊಲಿಯುತ್ತಿದ್ದ.

"ಆ ನಾಟಕ ಕೊನಿಗೆ ಏನಾತರಿ?" ಎಂದಳು ಹಂಪವ್ವ. ನಾನು ಗಂಟಲು ಸರಿ ಮಾಡಿಕೊಂಡೆ. "ನೀ ಬ್ಯಾಡ ಲಕ್ಷ್ಮಣಣ್ಣ. ಜಿಲಾನಜ್ಜ, ನೀ ಹೇಳು."

ಜಿಲಾನಸಾಬ ಸೂಜಿ ನಿಲ್ಲಿಸಿದ. "ಕೊನಿ ನಾನೂ ನೋಡಿಲ್ಲವ್ವ. ಪ್ಯಾಟಿಗಂತೂ ಹೋಗ್ಲಿಲ್ಲ. ಅಪ್ಪನ ಪದ್ಧತಿ ಒಪ್ಪೂದಿಲ್ಲ ಅಂತ ಮನಿ ಬಿಟ್ಟ. ಛಲೋ ಹುಡುಗ."

"ಬಾವಿ ಕಟ್ಟಿ ಮ್ಯಾಲ ಆಕೀನ ಕೇಳಿದ್ನಲ್ಲ, ಆಕಿ ಏನಂದ್ಲು?"

"ಅವ ಕೇಳ್ಲೇ ಇಲ್ಲವ್ವ." ಜಿಲಾನಸಾಬ ದಾರ ಹಲ್ಲಿನಿಂದ ಕಡಿದ. "ನೀ ಏನೂ ಮಾತಾಡಬ್ಯಾಡ, ನಮ್ಮಪ್ಪನ ಕೂಡ ನಿಮ್ಮಪ್ಪನ ಕೂಡ ನಾ ಮಾತಾಡ್ತೀನಿ ಅಂದ. ಆಕೀನ ಯಾರೂ ಕೇಳ್ಲಿಲ್ಲ. ಕೇಳಿದ್ದು ಈ ಲಕ್ಷ್ಮಣ ಕೂಡಿಸಿದ್ದು."

"ಮತ್ತ ನೀವ್ಯಾಕ ಆವತ್ತ ಸುಮ್ನಿದ್ರಿ ಸಾಬ್ರ?" ಎಂದೆ ನಾನು. ನನ್ನ ದನಿ ಸ್ವಲ್ಪ ಸಣ್ಣಗಿತ್ತು.

"ನಿಂದೇ ಛಲೋ ಇತ್ತಲ್ಲೋ."

ಕನಕಪ್ಪ ಬಾಯಿ ತೆರೆದು ನಿಂತಿದ್ದ. "ಕೇಳೇ ಇಲ್ಲೇನು ಅವ?" ಎಂದ. ಗಂಟು ಮೇಲಕ್ಕೆ ಎಳೆದುಕೊಳ್ಳುತ್ತಾ, "ಪಾಪ, ಯಾರರ ಹೇಳ್ಬೇಕಿತ್ತು ಅವಗ" ಎಂದ.

ಬಸ್ಸು ಬಂತು. ಕಂಡಕ್ಟರ್ ಬಾಗಿಲು ಬಡಿದು ಗಂಗಾವತಿ ಗಂಗಾವತಿ ಎಂದು ಕೂಗಿದ. ಕನಕಪ್ಪ ಗಂಟು ಒಳಗಿಟ್ಟ, ಕೂಸನ್ನು ತಾನು ಎತ್ತಿಕೊಂಡು ಅವಳನ್ನು ಹತ್ತಲು ಬಿಟ್ಟ, ಹತ್ತಿದ ಮೇಲೆ ಕೂಸನ್ನು ಕೊಡಲು ಹೋದವನು ಕೊಡದೆ ನಿಂತ.

"ಹಂಪವ್ವ, ಹೋಗಾಕ ಮನಸೈತೇನು?"

"ಲಗೂ ಲಗೂ!" ಎಂದ ಕಂಡಕ್ಟರ್.

"ಇಲ್ಲ ಮಾವ" ಎಂದಳು ಹಂಪವ್ವ. ಕೈ ಚಾಚಿ ಕೂಸನ್ನು ಇಸಿದುಕೊಂಡಳು. ಆಮೇಲೆ ಕಂಡಕ್ಟರ್ ಕಡೆ ತಿರುಗಿ, "ಗಂಗಾವತಿ, ಒಂದು" ಎಂದಳು.